ಗೇಟು ಇದ್ದ ಹಾಗೇ ಬಿಡಿ

ಸೈಕಲ್ ಅಂಗಿಯ ಬೆನ್ನ ಹಿಂದಿನ ಜೇಬಿನಲ್ಲಿ ಚಾಕೊಲೇಟು ಕರಗಿ ಪಾಯಸವಾಗಿದೆಯೇನೋ ಎಂದು ಕೈಹಾಕಿದ ಡಾರಿಲ್‌ಗೆ ಸಿಕ್ಕಿದ್ದು ಹುರಿ. ಹುಲ್ಲಿನ ಪೆಂಡಿ ಕಟ್ಟುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹುರಿ, ಬಿಸಿಲಿಗೆ ಒಣಗಿ ಒಂದು ತುದಿ ಕುಚ್ಚಿನ ಹಾಗೆ ಬಿಚ್ಚಿಕೊಂಡಿತ್ತು. ಇದು ಇಲ್ಲಿಗೆ ಹೇಗೆ ಬಂತು ಎಂದು ಅವನು ಯೋಚಿಸಬೇಕಾಗಿ ಬರಲಿಲ್ಲ. ಮುಟ್ಟಿದ ಕ್ಷಣವೇ ಬೆಳಿಗ್ಗೆಯ ಗಂಟು ಬೆರಳಿಗೆ ನೆನಪಾಯಿತು. ಎರಡು ಸುತ್ತು ಹಾಕಿ, ಒಳಗಿಂದ ತೂರಿಸಿ, ಬಿಗಿದು ಎಳೆದ ಗಂಟು. ಹಲ್ಲು ಹಾಕಿ ಬಿಚ್ಚಬೇಕಾಗಿತ್ತು. ಅಷ್ಟು ಗಟ್ಟಿ ಗಂಟನ್ನು ಯಾರಾದರೂ ಮರೆವಿನಲ್ಲಿ ಹಾಕುತ್ತಾರೆಯೇ? ಗೇಟು ಮುಚ್ಚಲು ಮರೆತವನು ಅದನ್ನು ಬೇಲಿಗೆ ಕಟ್ಟಿ ಹೋಗುತ್ತಾನೆಯೇ? ‘ಕುರುಡು ಹುಂಜ’ ಪಬ್ಬಿನ ಹಿತ್ತಲಲ್ಲಿ, ಬಿಚ್ಚಿದ ಛತ್ರಿಯ ಕೆಳಗೆ ಅವನು ಕೂತಿದ್ದ; ಎದುರಿಗೆ ಅರ್ಧ ಖಾಲಿಯಾದ ಬಿಯರ್ ಗ್ಲಾಸು, ಅದರಾಚೆ ಗ್ಯಾವಿನ್ ಟೈರಿಗೆ ಎಷ್ಟು ಗಾಳಿ ಹಾಕಬೇಕೆಂದು ಫಿಲಿಪಾಳಿಗೆ ಬೋಧಿಸುತ್ತಿದ್ದ. ಮೋರೀನ್ ಶೂ ಬಿಚ್ಚಿ ಮಂಡಿ ಉಜ್ಜಿಕೊಳ್ಳುತ್ತಿದ್ದಳು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಇಂಥ ದಿನ ಸಿಗಲಿ ಎಂದೇ ಅವನು ವಾರವಿಡೀ ಹಾರೈಸಿದ್ದ.

ರೂಟು ಹಾಕಿದ್ದು ಅವನೇ. ಪ್ರತಿ ಸಲವೂ ಅವನೇ. ನಕ್ಷೆಯ ಮೇಲೆ ಕಣ್ಣಿಟ್ಟು, ಟಾರು ಬಂದ ಕಡೆಯೆಲ್ಲ ತಪ್ಪಿಸಿ, ನೀಲಿ ಬಾಣದ ಕುದುರೆ ದಾರಿ, ಗದ್ದೆಯಂಚಿನ ಜಲ್ಲಿ, ಗುಡ್ಡದ ನೆತ್ತಿಯ ಸುಣ್ಣಕಲ್ಲಿನ ಬಿಳಿ ಹಾದಿ, ಎಲ್ಲವನ್ನೂ ಒಂದಕ್ಕೊಂದು ಹೊಲಿದು ಹ್ಯಾಂಡಲ್ಲಿನ ಪುಟ್ಟ ಪರದೆಗೆ ಇಳಿಸುತ್ತಿದ್ದ. ಹಳದಿ ಬಾಣ ಕಂಡರೆ ಅಲ್ಲಿ ನಡೆಯುವವರಿಗೆ ಮಾತ್ರ ಹಕ್ಕು. ಸೈಕಲ್ ಇಳಿಯಬೇಕು, ಎದುರಿಗೆ ಬಂದ ಮುದುಕರಿಗೆ ಸಾರಿ ಅನ್ನಬೇಕು. ಕುದುರೆ ಕಂಡರೆ ನಿಲ್ಲಬೇಕು, ಮಾತಾಡಿಸಬೇಕು. ಗೇಟು ಕಂಡರೆ... ಗೇಟು ಕಂಡರೆ ಅದು ಹೇಗಿತ್ತೋ ಹಾಗೇ ಬಿಡಬೇಕು. ಇದು ಈ ಗುಡ್ಡಗಳಲ್ಲಿ ಮಗುವಿಗೂ ಗೊತ್ತು. ಡಾರಿಲ್‌ಗೂ ಗೊತ್ತಿತ್ತು. ಬೆಳಿಗ್ಗೆ ಆ ಹಳೆಯ ಕಬ್ಬಿಣದ ಗೇಟು ಹಾರು ಹೊಡೆದುಕೊಂಡು ನಿಂತಿದ್ದನ್ನು ನೋಡಿದಾಗ ಫಿಲಿಪಾ ಕೇಳಿದ್ದೂ ಅದನ್ನೇ. “ತೆಗ್ದೇ ಇದ್ಯಲ್ಲ, ಹಂಗೇ ಬಿಡೋದಲ್ವಾ?” ಅವಳು ಗುಂಪಿಗೆ ಹೊಸಬಳು, ಅವಳ ಸೈಕಲ್ಲಿನ ಮೇಲೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಅವನು ಒಂದು ಕಾಲು ನೆಲಕ್ಕೆ ಊರಿ, ಕಪ್ಪು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅವಳತ್ತ ತಿರುಗದೆ ದೂರದ ಗುಡ್ಡವನ್ನು ನೋಡುತ್ತ, ಇಂಟರ್‌ವಲ್‌ಗೆ ಮುಂಚೆ ಹೀರೋ ಹೇಳುವ ದನಿಯಲ್ಲಿ ಹೇಳಿದ್ದ: “ಮಗಳೇ, ಈ ಗುಡ್ಡಕ್ಕೆ ಇಬ್ರು ಬರ್ತಾರೆ. ಗೇಟ್ ತೆಗೆಯೋನು ಒಬ್ಬ. ಗೇಟ್ ಹಾಕೋನು ಒಬ್ಬ. ತೆಗೆದೋನು ಓಡ್ತಾನೆ. ಹಾಕೋನು... ಊರು ಕಾಯ್ತಾನೆ.” ಮೋರೀನ್ ಕೊಟ್ಟಿಗೆಯ ಎಮ್ಮೆಯ ಹಾಗೆ ನಕ್ಕಳು. ಫಿಲಿಪಾ ನಕ್ಕಳು. ಆ ನಗು ಕಿವಿಗೆ ಬಿದ್ದಮೇಲೆ ಯಾವ ನಿಯಮ, ಯಾವ ಗೇಟು! ಹುರಿಯನ್ನು ಹಲ್ಲಿನಿಂದ ಬಿಚ್ಚಿದ. ಗೇಟು ಕೀಲಿನಲ್ಲಿ ಕುಸಿದು ಹುಲ್ಲಿನಲ್ಲಿ ಹೂತಿತ್ತು. ಅವನೂ ಗ್ಯಾವಿನ್ನೂ ಅದರ ತುದಿಯನ್ನು ಎತ್ತಿ ಎತ್ತಿ ಎಳೆದು, ಕೊನೆಗೆ ಕಂಬದ ಕೊಂಡಿಗೆ ಧಡ್ ಎಂದು ಕೂರಿಸಿದರು. “ನೋಡಿ, ಕೆಲ್ಸ ಆಯ್ತು ಅಂದ್ಕೊಳಿ,” ಎಂದು ಗ್ಯಾವಿನ್ ಕೈ ಒರೆಸಿಕೊಂಡ. ಮನೆಗಳಿಗೆ ಹೆಂಚು ಹೊದಿಸುವವನು ಅವನು, ಎಲ್ಲದಕ್ಕೂ ಅದೇ ಮಾತು. ಗೇಟಿನ ಕೆಳಗಡೆಯ ಹೊಲದಲ್ಲಿ ನೀರಿನ ತೊಟ್ಟಿ ಇತ್ತು. ಗೇಟು ಹಾಕಿದ ಮೇಲೆ ಅದನ್ನು ದಾಟಿಯೇ ಇಳಿದಿದ್ದರು. ಮೋರೀನ್ ಅದರಲ್ಲಿ ಕೈವಸ್ತ್ರ ಅದ್ದಿ ತಲೆಗೆ ಕಟ್ಟಿಕೊಂಡಿದ್ದಳು. ಕುರಿಗಳು ಮೇಲಿನ ಹೊಲದ ತುದಿಯಲ್ಲಿ, ಮುಳ್ಳುಗಿಡದ ನೆರಳಲ್ಲಿ, ಬಿಳಿ ಕಲ್ಲುಗಳ ಹಾಗೆ ಬಿದ್ದುಕೊಂಡಿದ್ದವು. ಆ ಗೇಟು ತೆರೆದಿದ್ದದ್ದು ಅವು ನೀರಿಗೆ ಇಳಿಯಲಿ ಎಂದು. ಸುಣ್ಣಕಲ್ಲಿನ ಗುಡ್ಡದ ಮೇಲೆ ಬೇರೆಲ್ಲೂ ನೀರಿಲ್ಲ. ಮಳೆ ಬಿದ್ದರೂ ಕಲ್ಲೇ ಕುಡಿದುಬಿಡುತ್ತದೆ.

“ಗ್ಯಾವ್,” ಎಂದ. ಹುರಿಯನ್ನು ಮೇಜಿನ ಮೇಲೆ, ಚಿಪ್ಸ್ ತಟ್ಟೆಯ ಪಕ್ಕ ಇಟ್ಟ. “ಬೆಳಿಗ್ಗೆ ನಾವು ಹಾಕಿದ ಗೇಟು. ಅದನ್ನ ಹಾಕ್ಬಾರ್ದಾಗಿತ್ತು.”

“ಶುರುವಾಯ್ತು,” ಎಂದ ಗ್ಯಾವಿನ್.

“ನಿಜ ಕಣೋ. ತೊಟ್ಟಿ ಕೆಳಗಿದೆ, ಕುರಿ ಮೇಲಿದಾವೆ. ಈ ಬಿಸ್ಲಲ್ಲಿ ಸಾಯ್ತವೆ.”

ಹೇಳಿದ ಮೇಲೆ ಅವನಿಗೇ ಕೇಳಿಸಿತು. ಅದು ಅದೇ ದನಿ. ಮಾತಿನ ಕೊನೆಯಲ್ಲಿ ಒಂದು ಗುಕ್ಕು ಉಸಿರು ತಡೆದು, ತಗ್ಗಿಸಿ, ‘ಸಾಯ್ತವೆ’ ಎಂಬುದನ್ನು ಹಿನ್ನೆಲೆ ಸಂಗೀತಕ್ಕೆ ಜಾಗ ಬಿಟ್ಟು ಹೇಳುವ ದನಿ. ಬೇಕೆಂದು ಮಾಡಿದ್ದಲ್ಲ. ಅವನ ಗಂಟಲು ಬೇರೆ ಥರ ಹೇಳುವುದನ್ನು ಯಾವಾಗಲೋ ಬಿಟ್ಟುಬಿಟ್ಟಿತ್ತು.

ಮೋರೀನ್ ಚಪ್ಪಾಳೆ ತಟ್ಟಿದಳು. “ಅಯ್ಯೋ ನನ್ನ ಮಂಡಿ! ಹೋದ್ಸಲ ಗೂಳಿ, ಈ ಸಲ ಕುರಿ!”

“ಏನು ಗೂಳಿ?” ಎಂದಳು ಫಿಲಿಪಾ.

“ಹೋದ ಚಳಿಗಾಲ ಕಣಮ್ಮ. ಮುಂದೆ ಹೋಗಿ ಬಂದು, ಮುಖ ಬೆಳ್ಳಗೆ ಮಾಡ್ಕೊಂಡು, ಸೇತುವೆ ಮೇಲೆ ಗೂಳಿ ನಿಂತಿದೆ ಅಂದ. ನಾನು ಈ ಮಂಡಿ ಇಟ್ಕೊಂಡು ಕೆಸ್ರಲ್ಲಿ ಗುಡ್ಡ ಸುತ್ತಿ ಬಂದೆ. ಇವ್ನು ಆ ಕಡೆ ಕೂತ್ಕೊಂಡು ಬಾಳೆಹಣ್ಣು ತಿಂತಿದಾನೆ!”

“ಮೋರೀನ್, ನಾನು ತಮಾಷೆ ಮಾಡ್ತಿಲ್ಲ.”

“ಅದೇ ಡೈಲಾಗು ಆವತ್ತೂ ಹೇಳ್ದೆ.”

“ಹುರಿ ಎಲ್ಲಿ ಸಿಕ್ತೋ, ಪಬ್ಬಿನ ಕಸದ ಡಬ್ಬೀಲಾ?” ಎಂದ ಗ್ಯಾವಿನ್. ಆಮೇಲೆ ಸ್ವಲ್ಪ ಗಂಭೀರವಾಗಿ, ಹೆಂಚು ಸೋರುತ್ತಿದೆ ಎಂದು ಗೋಳಾಡುವ ಮನೆಯೊಡತಿಗೆ ಹೇಳುವವನಂತೆ, “ನೋಡಿ, ಹೊಲದೋರು ದಿನಾ ಬಂದು ನೋಡ್ತಾರೆ. ಅವ್ರು ತೆಗ್ದಿರ್ತಾರೆ. ಕೆಲ್ಸ ಆಯ್ತು ಅಂದ್ಕೊಳಿ. ಬಿಯರ್ ಮುಗ್ಸು, ರೈಲಿಗೆ ಹೊತ್ತಾಗುತ್ತೆ.”

ಫಿಲಿಪಾ ಅವನನ್ನು ನೋಡುತ್ತಿದ್ದಳು. ಬೆಳಿಗ್ಗೆ ‘ಹಂಗೇ ಬಿಡೋದಲ್ವಾ’ ಅಂದವಳು. ಈಗ ಅವಳು ಒಂದು ಮಾತು ಹೇಳಿದ್ದರೆ, ನಾನು ಆಗಲೇ ಹೇಳಿದೆನಲ್ಲ ಎಂದು ಸಿಡುಕಿದ್ದರೂ ಸಾಕಿತ್ತು. ಅವಳು ನಕ್ಕಳು. ಬೆಳಿಗ್ಗೆಗಿಂತ ಜೋರಾಗಿ ನಕ್ಕಳು, ಗುಂಪಿಗೆ ಸೇರಿದವಳ ನಗು. ಡಾರಿಲ್ ಎದ್ದು ನಿಂತು, ಎದೆಗೆ ಕೈ ಇಟ್ಟು, ಬಾಗಿ ನಮಸ್ಕರಿಸಿದ. ಯಾಕೆ ಹಾಗೆ ಮಾಡಿದೆ ಎಂದು ಬಾಗಿದಾಗಲೇ ಯೋಚಿಸುತ್ತಿದ್ದ. ಹೆಂಡತಿ ಟ್ಯಾಮ್ಸಿನ್ ಮನೆ ಬಿಟ್ಟು ಹೋಗುವಾಗಲೂ ಅವನು ಬಾಗಿಲಲ್ಲಿ ಹೀಗೇ ಬಾಗಿದ್ದ. ಅವಳು ಪೆಟ್ಟಿಗೆ ಕೆಳಗಿಟ್ಟು, “ನಿನ್ನ ಬಾಯಲ್ಲಿ ನಿನ್ನ ಮಾತು ಅಂತ ಯಾವ್ದಾದ್ರೂ ಇದ್ರೆ ಈಗ ಹೇಳು ಡಾರಿಲ್, ಕೇಳ್ತೀನಿ,” ಎಂದು ನಿಂತಿದ್ದಳು. ನಿಜವಾಗಿಯೂ ನಿಂತಿದ್ದಳು. ಅವನು ಹುಡುಕಿದ್ದ. ಸಿಕ್ಕಿದ್ದೆಲ್ಲ ಯಾವುದೋ ಪರದೆಯ ಮೇಲಿನದ್ದು.

ಆಮೇಲೆ ಅವನು ನಾಲ್ಕು ಚಿಪ್ಸ್ ತಿಂದ. ಉಪ್ಪು ಜಾಸ್ತಿಯಾಗಿತ್ತು, ಬಿಯರ್ ಕುಡಿದ. ಕುಡಿದಾಗ ಗಂಟಲು ತಣ್ಣಗಾದದ್ದು ಅವನಿಗೆ ಯಾರದೋ ಸ್ವತ್ತು ನುಂಗಿದ ಹಾಗೆ ಅನ್ನಿಸಿತು. ಹುರಿಯನ್ನು ಜೇಬಿಗೆ ಹಾಕಿಕೊಂಡು, “ಕೈಗವಸು ಆ ಚರ್ಚಿನ ಕಟ್ಟೆ ಮೇಲೆ ಬಿಟ್ಟುಬಂದಿದೀನಿ, ನೀವು ರೈಲಿಗೆ ಹೋಗ್ತಿರಿ, ನಾನು ಮುಂದಿನದಕ್ಕೆ ಬರ್ತೀನಿ,” ಎಂದ. ಕೈಗವಸು ಜೇಬಿನಲ್ಲೇ ಇತ್ತು. ಅದನ್ನು ಮಾತ್ರ ಎಲ್ಲರೂ ತಕ್ಷಣ ನಂಬಿದರು.

ತಾನೇ ಹಾಕಿದ ರೂಟಿನ ಮೇಲೆ ಹಿಂದಕ್ಕೆ ಹೋಗುವುದು ಏನೋ ಒಂಥರಾ. ಹ್ಯಾಂಡಲ್ಲಿನ ಪರದೆ ಪದೇ ಪದೇ ಕಿರುಚುತ್ತಿತ್ತು, ದಾರಿ ತಪ್ಪಿದ್ದೀರಿ, ತಿರುಗಿ. ಬೆಳಿಗ್ಗೆ ಹಾರಿಕೊಂಡು ಇಳಿದಿದ್ದ ಇಳಿಜಾರೆಲ್ಲ ಈಗ ಏರು. ಜಲ್ಲಿ ಟೈರಿನ ಕೆಳಗೆ ಜಾರಿ ಹಿಂದಕ್ಕೆ ಸಿಡಿಯಿತು, ಸುಣ್ಣದ ಪುಡಿ ತುಟಿಗೆ ಅಂಟಿತು. ಬೇಲಿಸಾಲಿನಲ್ಲಿ ಕಾಡುಗುಲಾಬಿ ಬಾಡಿ ಕಂದು ಚೂರುಗಳಾಗಿದ್ದವು. ಕುದುರೆಯ ಮೇಲೆ ಬಂದ ಹೆಂಗಸೊಬ್ಬಳಿಗೆ ನಿಂತು ದಾರಿ ಬಿಟ್ಟ, ಸಾರಿ ಅಂದ. ಅವಳೂ ಸಾರಿ ಅಂದಳು. ಕುದುರೆ ಹೋಗುವ ತನಕ ಇಬ್ಬರೂ ಹವೆಯ ಬಗ್ಗೆ ಮಾತಾಡಿದರು. ಚೆನ್ನಾಗಿದೆ ಅಲ್ವಾ ಬಿಸಿಲು. ಹೂಂ, ತುಂಬ ಚೆನ್ನಾಗಿದೆ. ಇವಳಿಗಾದರೂ ಹೇಳಬಹುದಿತ್ತು. ಬಾಯಿ ತೆರೆಯುವ ಹೊತ್ತಿಗೆ ಅವಳು ತಿರುವಿನಲ್ಲಿ ಇಲ್ಲವಾಗಿದ್ದಳು. ಬಾಟಲಿಯಿಂದ ಒಂದು ಗುಟುಕು ಕುಡಿಯಲು ಹೋಗಿ ನಿಲ್ಲಿಸಿದ. ಕೊನೆಯ ದಿನಗಳಲ್ಲಿ ಅಪ್ಪನಿಗೆ ನೀರು ಕೊಡಬೇಡಿ ಎಂದಿದ್ದಳು ನರ್ಸು, ಗಂಟಲಿಗೆ ಹೋದರೆ ಉಸಿರಿಗೆ ತೊಂದರೆ, ತುಟಿ ಮಾತ್ರ ಒದ್ದೆ ಮಾಡಿ. ಕಡ್ಡಿಯ ತುದಿಗೆ ಗುಲಾಬಿ ಬಣ್ಣದ ಸ್ಪಂಜು. ಅದನ್ನು ಲೋಟದಲ್ಲಿ ಅದ್ದಿ, ಅಪ್ಪನ ತುಟಿಗೆ ತಾಗಿಸಿ, ಅವನು ವಿಲನ್ನಿನ ದನಿಯಲ್ಲಿ, “ಇನ್ನೊಂದು ಪೆಗ್ ಹಾಕ್ಲಾ ಬಾಸ್?” ಎಂದಿದ್ದ. ಅಪ್ಪನ ತುಟಿ ಅಲುಗಿತು. ಕೊನೆಗಾಲದಲ್ಲೂ ನಗಿಸಿದೆ ಎಂದು ಅವನು ಎಲ್ಲರಿಗೂ ಹೇಳಿಕೊಂಡು ತಿರುಗಿದ. ಅಪ್ಪ ನಕ್ಕಿರಲಿಲ್ಲವೇನೋ. ಅಪ್ಪ ನೀರು ಕೇಳಿದ್ದನೇನೋ. ಪೆಡಲು ಒಂದು ಸುತ್ತು ಸುತ್ತುವಷ್ಟರಲ್ಲಿ ಅದು ಬಂದು ಹೋಯಿತು, ಮತ್ತೆ ಬಂತು.

ಗೇಟು ಕಾಣುವುದಕ್ಕೆ ಮೊದಲೇ ಅವುಗಳ ಕೂಗು ಕೇಳಿಸಿತು. ಮೊದಲು ಯಾವುದೋ ಮದುವೆಮನೆಯ ಗದ್ದಲ ಎಂದುಕೊಂಡ. ಆಮೇಲೆ ತಿಳಿಯಿತು. ಮೇಲಿನ ಹೊಲದ ಕುರಿಗಳೆಲ್ಲ ಕೆಳಗಿಳಿದು ಗೇಟಿಗೆ ಒತ್ತಿಕೊಂಡು ನಿಂತಿದ್ದವು, ಒಂದರ ಮೇಲೊಂದು, ಕಪ್ಪು ಮುಖಗಳು ಕಬ್ಬಿಣದ ಅಡ್ಡಪಟ್ಟಿಗಳ ಸಂದಿಯಲ್ಲಿ, ಬಾಯಿ ತೆರೆದು, ನಾಲಿಗೆ ಹೊರಗೆ, ಹೊಟ್ಟೆ ಪಕ್ಕೆ ಎಲ್ಲ ಏದುಸಿರಿಗೆ ಹೊಡೆದುಕೊಳ್ಳುತ್ತ. ಅವು ನೋಡುತ್ತಿದ್ದದ್ದು ತೊಟ್ಟಿಯನ್ನು. ತೊಟ್ಟಿ ಡಾರಿಲ್‌ನ ಪಕ್ಕದಲ್ಲೇ ಇತ್ತು, ಕಂಠಪೂರ್ತಿ ತುಂಬಿ, ನೀರಿನ ಮೇಲೆ ಒಂದು ಗರಿ ತೇಲುತ್ತ. ಅವನನ್ನು ಕಂಡು ಅವು ಹಿಂದೆ ಸರಿಯಲಿಲ್ಲ. ಮೇವು ತಂದವನು ಎಂದು ಇನ್ನೂ ಒತ್ತಿಕೊಂಡು ಬಂದವು.

ಕೊಂಡಿಗೆ ಕೈ ಹಾಕಿದ. ಗೇಟು ತೆರೆದುಕೊಳ್ಳುವುದು ಆ ಕಡೆಗೆ, ಕುರಿಗಳ ಕಡೆಗೆ. ಬೆಳಿಗ್ಗೆ ಇಬ್ಬರು ಗಂಡಸರು ಎತ್ತಿ ಕೂರಿಸಿದ್ದನ್ನು ಈಗ ಒಬ್ಬನೇ ಎತ್ತಬೇಕು, ಎತ್ತಿ ಹಿಡಿದುಕೊಂಡೇ ಅಷ್ಟು ಕುರಿಗಳ ಭಾರವನ್ನು ತಳ್ಳಬೇಕು. ಎತ್ತಿದ. ಬೆರಳಗಲ ಎದ್ದಿತು, ಒಂದು ಕುರಿ ಮುಂಗಾಲು ಪಟ್ಟಿಯ ಮೇಲಿಟ್ಟಿತು, ಗೇಟು ಧಡ್ ಎಂದು ಮತ್ತೆ ಕೂತಿತು. ಹತ್ತಿ ಆ ಕಡೆ ಹಾರಿದ. ಕೈ ಬೀಸಿದ, ಹೋ ಎಂದ, ಹುಲಿಯ ಹಾಗೆ ಗರ್ಜಿಸಿಯೂ ನೋಡಿದ. ಕಾಲಿಗೆ ತಗುಲಿದ ನೀರು ಸೀಳಿ ಹರಿಯುವಂತೆ ಅವು ಎರಡು ಕಡೆಗೂ ಸರಿದು, ಅವನು ಗೇಟಿನತ್ತ ತಿರುಗುವಷ್ಟರಲ್ಲಿ ಅವನಿಗಿಂತ ಮುಂಚೆ ಅಲ್ಲಿಗೆ ತಲುಪಿದ್ದವು. ಮತ್ತೆ ಈ ಕಡೆ ಬಂದು, ಹೆಲ್ಮೆಟ್ಟು ಕಳಚಿ ತೊಟ್ಟಿಯಲ್ಲಿ ಮುಳುಗಿಸಿ ತುಂಬಿಕೊಂಡು ಓಡಿದ. ಗಾಳಿಯಾಡಲಿ ಎಂದು ದುಡ್ಡು ಕೊಟ್ಟು ಆರಿಸಿಕೊಂಡ ಹೆಲ್ಮೆಟ್ಟು, ತೂತುಗಳೇ ಜಾಸ್ತಿ. ಗೇಟು ಮುಟ್ಟುವ ಹೊತ್ತಿಗೆ ಅದರಲ್ಲಿದ್ದದ್ದು ಒದ್ದೆ ಸ್ಪಂಜು ಮಾತ್ರ. ಒಂದು ಮುದಿ ಕುರಿ ಅದನ್ನೇ ನೆಕ್ಕಿತು. ಬಾಟಲಿಯಿಂದ ಅದರ ಬಾಯಿಗೆ ಪಿಚಕಾರಿ ಹೊಡೆದ. ಉಳಿದವು ನುಗ್ಗಿದವು, ಅದು ಕೆಳಗೆ ಬಿತ್ತು, ಕಾಲುಗಳ ನಡುವೆ ಕಾಣದಾಯಿತು. ಆಮೇಲೆ ಅವನು ನೀರು ಕೊಡಲು ಹೆದರಿದ.

ಗ್ಯಾವಿನ್‌ಗೆ ಫೋನ್ ಮಾಡಿದ. ಸಿಗ್ನಲ್ಲು ಒಂದೇ ಕಡ್ಡಿ. ಆ ಕಡೆ ರೈಲಿನ ಸದ್ದು, ಗ್ಯಾವಿನ್ ಸ್ಪೀಕರ್ ಹಾಕಿದ್ದ.

“ಗೇಟ್ ಹತ್ರ ಇದೀನಿ ಗ್ಯಾವ್. ಕೇಳುಸ್ತಿದ್ಯಾ?” ಫೋನನ್ನು ಕುರಿಗಳತ್ತ ಹಿಡಿದ.

ಆ ಕಡೆ ಬೋಗಿ ತುಂಬ ನಗು. “ಅಯ್ಯಪ್ಪಾ, ಎಷ್ಟು ದನಿ ತೆಗೀತಾನೆ ನೋಡ್ರೇ!” ಮೋರೀನಳ ದನಿ. “ಮರಿ ಕುರಿ ಮಾಡು, ಮರಿ ಕುರಿ!” ಆಮೇಲೆ ರೈಲು ಸುರಂಗ ಹೊಕ್ಕಿತು, ಫೋನು ಕಡಿಯಿತು.

ಗೇಟಿನ ಕಂಬಕ್ಕೆ ಹೊಡೆದಿದ್ದ ಹಲಗೆಯಲ್ಲಿ ನಂಬರಿತ್ತು. ನಾಯಿಗಳನ್ನು ಹಿಡಿದುಕೊಳ್ಳಿ, ಕುರಿಗಳಿಗೆ ತೊಂದರೆ ಕಂಡರೆ ಇಲ್ಲಿಗೆ ತಿಳಿಸಿ. ಬೆಳಿಗ್ಗೆ ಅದನ್ನು ಅವನು ಟಿವಿ ವಾರ್ತೆಯವಳ ದನಿಯಲ್ಲಿ ಓದಿ ಎಲ್ಲರನ್ನೂ ನಗಿಸಿದ್ದ. ಗೇಟಿನ ಮಧ್ಯದ ಪಟ್ಟಿಯ ಮೇಲೆ ಇನ್ನೊಂದು ಸಾಲೂ ಇತ್ತು, ಬಣ್ಣ ಅರ್ಧ ಉದುರಿದ್ದು: ಗೇಟು ಇದ್ದ ಹಾಗೇ ಬಿಡಿ. ಹಲಗೆಯ ನಂಬರು ಒತ್ತಿದ, ತುಂಬ ಹೊತ್ತು ರಿಂಗಾಯಿತು.

“ಹಲೋ?” ವಯಸ್ಸಾದ ಹೆಂಗಸು. ಹಿಂದೆ ಕಡಲಹಕ್ಕಿಗಳ ಕೂಗು.

“ಸಾರಿ ಮೇಡಂ. ತೊಂದ್ರೆ ಕೊಡ್ತಿದೀವಿ. ನಿಮ್ಮ ಗುಡ್ಡದ ಗೇಟು... ನಾವು ಸೈಕಲ್ಲಲ್ಲಿ ಬಂದೋರು. ನಾವು ಗೊತ್ತಾಗ್ದೆ ಅದನ್ನ ಹಾಕ್ಬಿಟ್ವಿ ಅನ್ಸುತ್ತೆ.” ನಾವು. ಅದು ಅಷ್ಟು ಸುಲಭವಾಗಿ ಬಂತು, ನಾಲ್ಕು ಹೆಗಲಿಗೆ ಹಂಚಿದ ಹೆಣದ ಹಾಗೆ.

“ಕುರಿಗಳು?”

“ಗೇಟಿಗೇ ಒತ್ಕೊಂಡು ನಿಂತಿದಾವೆ ಮೇಡಂ. ತೆಗೆಯೋಕಾಗ್ತಿಲ್ಲ.”

“ನಾನು ತಂಗಿ ಮನೇಲಿದೀನಪ್ಪ, ಸಮುದ್ರದ ಹತ್ರ. ಅಲ್ಲಿಗೆ ಬರೋಹೊತ್ಗೆ ಕತ್ಲಾಗುತ್ತೆ. ನಮ್ಮಣ್ಣನ ಮಗ ಟ್ರೆವರ್ ಬಾರ್ಲಿ ಕೊಯ್ತಿದಾನೆ, ಆ ಕಡೆ ಗುಡ್ಡದಲ್ಲಿ. ಅವನ್ನ ಕರೆಸ್ಬೇಕು... ಇರು ಇರು. ‘ನಾವು’ ಅಂದ್ಯಲ್ಲ. ಎಷ್ಟು ಜನ ಇದೀರಿ?”

ಡಾರಿಲ್ ಹಿಂತಿರುಗಿ ನೋಡಿದ. ಬಿಳಿ ದಾರಿ, ಹುಲ್ಲಿನಲ್ಲಿ ಮಲಗಿದ ಒಂದು ಸೈಕಲ್ಲು. “ನಾಲ್ಕು ಜನ ಮೇಡಂ.”

“ದೇವರು ದೊಡ್ಡೋನು. ನಾಲ್ಕು ಜನ ಸಾಕು. ಸ್ಪೀಕರ್ ಹಾಕು. ಎಲ್ರೂ ಕೇಳುಸ್ಕೊಳಿ! ಹಲೋ? ಕೇಳುಸ್ತಿದ್ಯಾ?”

ಅವಳು ಉತ್ತರಕ್ಕೆ ಕಾಯುತ್ತಿದ್ದಳು. ಈಗ ಹೇಳಬೇಕಿತ್ತು. ಅವನ ಬಾಯಿಂದ, ಅವನು ನಿರ್ಧರಿಸುವ ಮೊದಲೇ, ದಪ್ಪ ನಿಧಾನದ ದನಿಯೊಂದು ಹೊರಟಿತು. “ನೋಡಿ ಮೇಡಂ, ನಾನು ಗ್ಯಾವಿನ್. ಕೇಳುಸ್ತಿದೆ, ಹೇಳಿ.” ಅದರ ಹಿಂದೆಯೇ ಕೆಮ್ಮುತ್ತ ಮೋರೀನ್: “ಅಯ್ಯೋ ನನ್ನ ಮಂಡಿ, ನಾನೂ ಇದೀನಮ್ಮ.” ಫಿಲಿಪಾಳ ದನಿ ಅವನಿಗೆ ಇನ್ನೂ ಬರುತ್ತಿರಲಿಲ್ಲ; ಸುಮ್ಮನೆ ನಕ್ಕ.

“ಒಳ್ಳೇ ಜನ ನೀವು,” ಎಂದಳು ಅವಳು. “ಗ್ಯಾವಿನ್, ನೀನು ಕೊಂಡಿ ಕಡೆ ಎತ್ತು. ಇನ್ನೊಬ್ರು ತಳ್ಳಿ. ಒಬ್ರು ಮೇಲೆ ಏರು ಹತ್ತಿ ಯಾವ್ದಾದ್ರೂ ಚೀಲ ಪರಪರ ಅನ್ಸಿ, ಮೇವು ಅಂತ ಓಡ್ತವೆ. ಮಂಡಿ ನೋವಿನಮ್ಮ ಕೂತ್ಕೊಳ್ಲಿ. ಆಯ್ತಾ? ಮೂರು ಅಂತೀನಿ. ಒಂದು... ಎರಡು...”

ಅವನು ಫೋನನ್ನು ಕಂಬದ ಮೇಲಿಟ್ಟು ಎತ್ತಿದ. “ಎತ್ತೋ ಗ್ಯಾವ್!” “ಎತ್ತಿದೀನಿ ಕಣೋ!” “ತಳ್ರಿ ತಳ್ರಿ!” ಎಲ್ಲ ಅವನೇ. ಕಬ್ಬಿಣ ಅಂಗೈ ಸೀಳಿತು. ಗೇಟು ಎದ್ದಿತು, ನಡುಗಿತು, ಧಡ್ ಎಂದು ಕೂತಿತು.

“ಸದ್ದು ಕೇಳ್ತು! ಬಂತಾ?” ಎಂದಳು ಅವಳು. “ಬಂತು ಅಲ್ವಾ? ಟ್ರೆವರ್‌ಗೆ ಬೇಡ ಅಂತೀನಿ ಹಾಗಾದ್ರೆ, ನಾಳೆ ಮಳೆಯಂತೆ, ಪಾಪ, ಬಾರ್ಲಿ ಬಿಟ್ಟು ಬರೋದು... ನಿಮ್ಗೆಲ್ಲ ಒಳ್ಳೇದಾಗ್ಲಿ ಮಕ್ಳಾ.” ಅವನು ಉಸಿರು ತಿರುಗಿಸಿಕೊಳ್ಳುವಷ್ಟರಲ್ಲಿ ಸಿಗ್ನಲ್ಲಿನ ಆ ಒಂದು ಕಡ್ಡಿಯೂ ಹೋಗಿತ್ತು. ಮತ್ತೆ ಬಂದಾಗ ಅವಳ ನಂಬರು ಬಿಝಿ. ಮತ್ತೆ ಬಿಝಿ. ಅವಳು ಟ್ರೆವರ್‌ಗೆ ಹೇಳುತ್ತಿದ್ದಳು, ಬೇಡ, ನಾಲ್ಕು ಜನ ಒಳ್ಳೆಯವರು ಇದ್ದಾರೆ.

ಅವನು ಗೇಟಿಗೆ ಬೆನ್ನು ಕೊಟ್ಟು ಕೂತ. ಬೆವರಿನ ಉಪ್ಪಿಗೆ ಒಂದು ನಾಲಿಗೆ ಅವನ ಕತ್ತನ್ನು ನೆಕ್ಕತೊಡಗಿತು, ಒರಟಾಗಿ, ಬಿಡದೆ, ಒಣಗಿದ ನಾಲಿಗೆ. ಹಿಂದೆ ಏನೋ ಮೆತ್ತಗೆ ನೆಲಕ್ಕೆ ಬಿದ್ದ ಸದ್ದು. ತಿರುಗಿ ನೋಡಲಿಲ್ಲ. ಬಿಸಿಲು ಇನ್ನೂ ಇಳಿದಿರಲಿಲ್ಲ. ಈ ದೇಶದಲ್ಲಿ ಈ ತಿಂಗಳು ಸಂಜೆಯೇ ಆಗುವುದಿಲ್ಲ.

ಫೋನ್ ಹೊಡೆದುಕೊಂಡಿತು. ಅವಳೇ.

“ಥ್ಯಾಂಕ್ಸ್ ಹೇಳೋಣ ಅಂತ ಮಾಡ್ದೆ. ಇನ್ನೂ ಯಾಕೆ ಕೂಗ್ತಿದಾವೆ? ನೀರು ಸಿಕ್ಕಿದ ಕುರಿ ಕೂಗಲ್ವಲ್ಲ.”

ತನ್ನದೇ ಮಾತೊಂದನ್ನು ಹುಡುಕಿದ. ನೆನಪಿನಲ್ಲಿ ಟ್ಯಾಮ್ಸಿನ್ ಇನ್ನೂ ಬಾಗಿಲಲ್ಲಿ ನಿಂತಿದ್ದಳು, ಕೇಳುತ್ತೇನೆ ಎಂದು. “ಗೇಟ್ ತೆಗ್ದಿಲ್ಲ,” ಎಂದ. “ನಾನೊಬ್ನೇ ಇದೀನಿ. ಹುರಿ ಬಿಚ್ಚಿದ್ದು ನಾನು. ಬೇರೆ ಯಾರೂ ಇಲ್ಲ.” ಸಣ್ಣ ದನಿ, ಒಡೆದದ್ದು, ಹಿಂದೆ ಯಾವ ಸಂಗೀತವೂ ಇಲ್ಲದ್ದು. ಅವನಿಗೇ ಪರಿಚಯವಿರಲಿಲ್ಲ.

“ಯಾರಪ್ಪ ಇದು?” ಎಂದಳು ಅವಳು. ದನಿ ಗಡುಸಾಗಿತ್ತು. “ತಮಾಷೆ ಮಾಡೋ ಹೊತ್ತಾ ಇದು? ಫೋನ್ ಆ ಗ್ಯಾವಿನ್‌ಗೆ ಕೊಡು.”

“ಮೇಡಂ, ಗ್ಯಾವಿನ್ ಇಲ್ಲ, ನಾನೇ...”

“ಕೊಡು ಅಂದ್ನಲ್ಲ. ಇಲ್ದಿದ್ರೆ ಇಡ್ತೀನಿ.”

ಡಾರಿಲ್ ಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಿಸಿಕೊಂಡ. ಗಂಟಲು ಸರಿಮಾಡಿಕೊಂಡ.

“ನೋಡಿ ಮೇಡಂ, ಗ್ಯಾವಿನ್ ಮಾತಾಡ್ತಿರೋದು. ಗೇಟ್ ಬರ್ಲಿಲ್ಲ. ಒಂದು ಕುರಿ ಬಿದ್ದಿದೆ. ಟ್ರೆವರ್‌ನ ಈಗ್ಲೇ ಕಳ್ಸಿ.”

“ಹಾಗೆ ಹೇಳು ಮತ್ತೆ!” ಎಂದಳು ಅವಳು. “ಕಳ್ಸ್ತೀನಿ, ಈಗ್ಲೇ ಕಳ್ಸ್ತೀನಿ. ಮಧ್ಯೆ ಬಂದು ಮಾತಾಡಿದ್ನಲ್ಲ, ಯಾರು ಆ ಹುಡುಗ?”

“ಡಾರಿಲ್ ಅಂತ ಮೇಡಂ. ಅವ್ನು ಹಂಗೇ.”

“ಅಲ್ಲೇ ಇದಾನಾ?”

ಕುರಿಗಳ ಕಪ್ಪು ಮುಖಗಳು ಸಂದಿಸಂದಿಯಿಂದ ಅವನನ್ನೇ ನೋಡುತ್ತಿದ್ದವು.

“ಇಲ್ಲ ಮೇಡಂ,” ಎಂದ. “ಹೊರಟೋದ.”